ಬಸ್ಸಿಗೆ ಹತ್ತಿಸಿದ ಪ್ರತಿಭಟನಕಾರರ ಕೈಗೆ ಚೀಟಿ ಕೊಡಬೇಕೆ?

ಶಾಂತಿಯುತ ಪ್ರತಿಭಟನೆಯಲ್ಲಿ ಜನರನ್ನು ‘ವಶಕ್ಕೆ ಪಡೆದು ಬಿಡುಗಡೆ’ ಮಾಡುವಾಗ ಪ್ರತಿಯೊಬ್ಬರಿಗೂ ಪೊಲೀಸರು ಲಿಖಿತ ಚೀಟಿ ಕೊಡುವುದು ಕಡ್ಡಾಯವಾಗಬೇಕೆ? ತುಮಕೂರು ಜಿಲ್ಲೆಯ ಅನುಭವವನ್ನು ಮುಂದಿಟ್ಟುಕೊಂಡು ಇಬ್ಬರು ಬರೆದಿದ್ದಾರೆ.

ಪರ: ಟಿಕೆಟ್ ಇಲ್ಲದ ಪ್ರಯಾಣ ನಿಲ್ಲಲಿ

ಮರುದಿನದ ಪತ್ರಿಕೆಯಲ್ಲಿ ಒಂದೇ ಸಾಲು ಇರುತ್ತದೆ: ‘ಪ್ರತಿಭಟನಕಾರರನ್ನು ಪೊಲೀಸರು ವಶಕ್ಕೆ ಪಡೆದು ಬಳಿಕ ಬಿಡುಗಡೆ ಮಾಡಿದರು.’ ಆ ‘ಪಡೆದು’ ಮತ್ತು ‘ಬಳಿಕ’ದ ನಡುವೆ ಆರೇಳು ಗಂಟೆ ಕಳೆದಿರುತ್ತದೆ. ಆ ಆರೇಳು ಗಂಟೆಯ ಲೆಕ್ಕ ಹೇಳುವ ಒಂದು ತುಂಡು ಕಾಗದವೂ ಪ್ರತಿಭಟನೆಗೆ ಬಂದವರ ಬಳಿ ಇರುವುದಿಲ್ಲ.

ತುಮಕೂರಿನಲ್ಲಿ ಇದು ನಡೆಯುವ ಬಗೆ ಹೋರಾಟದಲ್ಲಿರುವ ಎಲ್ಲರಿಗೂ ಗೊತ್ತು. ಟೌನ್‌ಹಾಲ್ ವೃತ್ತದಿಂದ ಡಿ.ಸಿ. ಆಫೀಸಿನ ಕಡೆಗೆ ಮೆರವಣಿಗೆ ಹೊರಡುತ್ತದೆ. ಕೊಬ್ಬರಿಗೆ ಬೆಂಬಲ ಬೆಲೆ, ಹೇಮಾವತಿ ನೀರು, ಬಗರ್‌ಹುಕುಂ ಸಾಗುವಳಿ ಚೀಟಿ, ಬಿಸಿಯೂಟದವರ ಗೌರವಧನ, ಬೇಡಿಕೆ ಯಾವುದಾದರೂ ಆಗಿರಬಹುದು. ಬ್ಯಾರಿಕೇಡ್ ಅಡ್ಡ ಬಂದ ಕಡೆ ಜನ ರಸ್ತೆಯ ಮೇಲೆಯೇ ಕೂರುತ್ತಾರೆ. ಡಿವೈಎಸ್‌ಪಿ ಬಂದು ‘ಐದು ಜನ ಒಳಗೆ ಬಂದು ಮನವಿ ಕೊಡಿ, ಮಿಕ್ಕವರು ಎದ್ದೇಳಿ’ ಅನ್ನುತ್ತಾರೆ. ಜನ ಒಪ್ಪುವುದಿಲ್ಲ. ಪಕ್ಕದ ರಸ್ತೆಯಲ್ಲಿ ತಂದು ನಿಲ್ಲಿಸಿದ್ದ ಕೆಎಸ್‌ಆರ್‌ಟಿಸಿ ಬಸ್ಸು ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಕೈಗೊಬ್ಬರು ಕಾಲಿಗೊಬ್ಬರು ಹಿಡಿದು ಎತ್ತಿ ಒಳಗೆ ಹಾಕುತ್ತಾರೆ. ಫುಟ್‌ಬೋರ್ಡ್ ಮೇಲೆ ನಿಂತ ಎಎಸ್‌ಐ ಒಂದು ಬಿಳಿ ಹಾಳೆಯಲ್ಲಿ ಹೆಸರು ಬರೆದುಕೊಳ್ಳುತ್ತಾರೆ, ಎಷ್ಟೋ ಸಲ ತಲೆ ಎಣಿಸಿ ಸುಮ್ಮನಾಗುತ್ತಾರೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿಎಆರ್) ಮೈದಾನದಲ್ಲೋ ಯಾವುದಾದರೂ ಸಮುದಾಯ ಭವನದಲ್ಲೋ ಕೂರಿಸಿ, ಮಧ್ಯಾಹ್ನ ಚಿತ್ರಾನ್ನದ ಪೊಟ್ಟಣ ಕೊಟ್ಟು, ಸಂಜೆ ‘ಇನ್ನು ಹೊರಡಿ’ ಎನ್ನುತ್ತಾರೆ. ಪಾವಗಡದ ಕಡೆಯವರಿಗೆ ಆ ಹೊತ್ತಿಗೆ ಊರು ಸೇರುವ ಬಸ್ಸು ಸಿಕ್ಕರೆ ಪುಣ್ಯ.

ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ ಪ್ರಕಾರ, ಬಂಧಿಸುವ ಅಧಿಕಾರಿಯ ಹೆಸರು ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಮೆಮೊ ಬರೆದು ಮನೆಯವರೊಬ್ಬರ ಅಥವಾ ಆ ಜಾಗದ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಹಾಕಿಸಬೇಕು, ಬಂಧಿತರ ರುಜುವೂ ಇರಬೇಕು. ಕಾರಣ ತಿಳಿಸಬೇಕು ಎನ್ನುವುದು 47ನೇ ಕಲಂ, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು ಎನ್ನುವುದು 48ನೇ ಕಲಂ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 11 ಸೂಚನೆಗಳಲ್ಲೇ ಇವುಗಳ ಬೇರು ಇದೆ. ಆದರೆ ಮೈದಾನದಲ್ಲಿ ಮೆಮೊ ಕೇಳಿದರೆ ಸಿಗುವ ಉತ್ತರ ‘ಇದು ಅರೆಸ್ಟ್ ಅಲ್ಲ, ಸುಮ್ಮನೆ ವಶಕ್ಕೆ ತಗೊಂಡಿದ್ದು’ ಎಂದು. ಆ ಒಂದು ಮಾತು ಆಡಿದ್ದೇ ತಡ, ಅಷ್ಟೂ ಕಲಂಗಳು ಮೈದಾನದ ಗೇಟಿನಿಂದ ಆಚೆಗೇ ಉಳಿದುಬಿಡುತ್ತವೆ. ಎದ್ದು ಹೋಗುತ್ತೇನೆ ಎಂದವರನ್ನು ಹೋಗಲು ಬಿಡದೆ ಆರು ಗಂಟೆ ಕೂರಿಸಿದ್ದಕ್ಕೆ ಬಂಧನ ಅನ್ನದೆ ಇನ್ನೇನು ಅನ್ನುವುದು?

ಅದಕ್ಕೇ ಚೀಟಿ ಬೇಕು. ಕಾರ್ಬನ್ ಇಟ್ಟು ಬರೆಯುವ, ಕ್ರಮಸಂಖ್ಯೆ ಅಚ್ಚಾದ, ಎರಡು ಪ್ರತಿಯ ಪುಸ್ತಕ ಸಾಕು. ಚೀಟಿಯಲ್ಲಿ ಎಂಟು ಅಂಶ: ಹೆಸರು ಮತ್ತು ಊರು, ಎತ್ತಿದ ಜಾಗ, ಎತ್ತಿದ ಹೊತ್ತು, ಯಾವ ಕಲಂ, ಆದೇಶ ಕೊಟ್ಟ ಅಧಿಕಾರಿಯ ಹೆಸರು ಮತ್ತು ಹುದ್ದೆ, ಬಸ್ಸಿನ ನಂಬರು, ಕೂರಿಸಿದ ಜಾಗ, ಬಿಟ್ಟ ಹೊತ್ತು. ಹೆಸರು, ಊರು ಬಿಟ್ಟರೆ ಉಳಿದ ಏಳು ಅಂಶ ಒಂದು ಬಸ್ಸಿನಲ್ಲಿ ಇರುವವರಿಗೆಲ್ಲ ಹೆಚ್ಚುಕಡಿಮೆ ಒಂದೇ. ಅವನ್ನು ಮೊದಲೇ ತುಂಬಿಟ್ಟುಕೊಳ್ಳಬಹುದು. ಒಬ್ಬರಿಗೆ ಒಂದೂವರೆ ನಿಮಿಷ ಹಿಡಿದರೂ ಇಬ್ಬರು ಬರೆಯಲು ಕೂತರೆ 50 ಜನಕ್ಕೆ ಮುಕ್ಕಾಲು ಗಂಟೆ ಹಿಡಿಯದು. ತುಮಕೂರು ಬಸ್ ಸ್ಟ್ಯಾಂಡಿನಿಂದ ಹೊರಟ ಗಾಡಿ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಕಂಡಕ್ಟರ್ ಒಬ್ಬರೇ 50 ಜನಕ್ಕೆ ಟಿಕೆಟ್ ಕೊಟ್ಟು, ಚಿಲ್ಲರೆ ಕೊಟ್ಟು, ಸೀಟಿಗೆ ಬಂದು ಕೂರುತ್ತಾರೆ. ಅದೇ ನಿಗಮದ ಅದೇ ಬಸ್ಸಿಗೆ ಖಾಕಿ ಕೈಗಳು ಎತ್ತಿ ಹಾಕಿದವರಿಗೆ ಮಾತ್ರ ಚೀಟಿ ಇಲ್ಲ. ಆರು ಗಂಟೆ ಮೈದಾನದಲ್ಲಿ ಕೂರಿಸಲು ಪುರುಸೊತ್ತು ಇರುವಾಗ ಚೀಟಿ ಬರೆಯಲು ಪುರುಸೊತ್ತಿಲ್ಲ ಎಂಬ ಮಾತನ್ನು ನಂಬುವುದು ಹೇಗೆ?

ಚೀಟಿ ಇಲ್ಲದ್ದರಿಂದ ಆಗುವ ದೊಡ್ಡ ತೊಂದರೆ ಅಂದು ಕಾಣುವುದಿಲ್ಲ, ಎಂಟು ಹತ್ತು ತಿಂಗಳ ನಂತರ ಕಾಣುತ್ತದೆ. ಕೋರ್ಟಿನಿಂದ ಸಮನ್ಸ್ ಬರುತ್ತದೆ. ಎಫ್‌ಐಆರ್‌ನಲ್ಲಿ ಒಂದರಿಂದ ಹನ್ನೆರಡರವರೆಗೆ ಆರೋಪಿಗಳ ಹೆಸರು, ಕೊನೆಗೆ ‘ಹಾಗೂ ಇತರೆ 150 ಜನ’. ಕಲಂಗಳು ಭಾರತೀಯ ನ್ಯಾಯ ಸಂಹಿತೆಯವು: ಅಕ್ರಮ ಕೂಟದ 189, ದಾರಿ ತಡೆದ 126, ಕೆಲವೊಮ್ಮೆ ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಿ ಹಲ್ಲೆ ಮಾಡಿದ 132. ಈ ಕೊನೆಯದಕ್ಕೆ ಎರಡು ವರ್ಷದವರೆಗೆ ಶಿಕ್ಷೆ ಇದೆ, ಜಾಮೀನೂ ಸಲೀಸಲ್ಲ. ಅಂದು ಫುಟ್‌ಬೋರ್ಡ್ ಮೇಲೆ ಬರೆದ ಬಿಳಿ ಹಾಳೆ ಪೊಲೀಸರ ಬಳಿ ಇರುತ್ತದೆ, ನಮ್ಮ ಬಳಿ ಅದರ ನಕಲು ಇರುವುದಿಲ್ಲ. ಹನ್ನೊಂದು ಗಂಟೆಗೇ ಎತ್ತಿ ಮೈದಾನಕ್ಕೆ ಸಾಗಿಸಿದ ಮುದುಕನ ಮೇಲೆ ಹನ್ನೆರಡೂವರೆಗೆ ವೃತ್ತದಲ್ಲಿ ನಡೆದ ತಳ್ಳಾಟದ ಆರೋಪ ಬಂದರೆ, ಆ ಹೊತ್ತಿಗೆ ತಾನು ಪೊಲೀಸರ ಕಾವಲಿನಲ್ಲೇ ಇದ್ದೆ ಎಂದು ಆತ ಸಾಬೀತು ಮಾಡುವುದು ಹೇಗೆ? ‘ಎತ್ತಿದ ಹೊತ್ತು 11.05’ ಎಂದು ಬರೆದ ಅಂಗೈ ಅಗಲದ ಚೀಟಿ ಇದ್ದಿದ್ದರೆ ವಕೀಲರು ಅದನ್ನೇ ಮುಂದಿಡುತ್ತಿದ್ದರು.

ಇನ್ನೊಂದು ಸಂಗತಿಯನ್ನು ಕಣ್ಣಿಟ್ಟು ನೋಡಬೇಕು. ಗಲಾಟೆ ಆಗಬಹುದು ಎಂದು ಮೀಸಲು ಪಡೆಯವರು ಖಾಕಿಯ ಮೇಲೆ ಬಾಡಿ ಪ್ರೊಟೆಕ್ಟರ್ ಹಾಕಿಕೊಳ್ಳುತ್ತಾರೆ. ಎದೆಯ ಮೇಲಿನ ಹೆಸರಿನ ಪಟ್ಟಿ ಅದರ ಅಡಿಗೆ ಹೋಗುತ್ತದೆ. ಹೆಲ್ಮೆಟ್ಟಿನ ಮುಖಗವಸು ಇಳಿದರೆ ಮುಖವೂ ಕಾಣದು. ಲಾಠಿ ಬೀಸಿದವರು, ಹೆಂಗಸರ ರಟ್ಟೆಗೆ ಕೈ ಹಾಕಿದವರು ಯಾರೆಂದು ಕೇಳಿದರೆ ‘ಹೊರಗಿನಿಂದ ಬಂದ ತುಕಡಿ’ ಎಂದು ಹೇಳಿ ಮುಗಿಸುತ್ತಾರೆ. ಹೆಂಗಸರನ್ನು ಬಂಧಿಸುವಾಗ ಮಹಿಳಾ ಪೊಲೀಸರಲ್ಲದೆ ಬೇರೆಯವರು ಮುಟ್ಟಬಾರದು ಎಂಬುದು ಸುರಕ್ಷಾ ಸಂಹಿತೆಯ 43ನೇ ಕಲಂನ ಸಾಮಾನ್ಯ ನಿಯಮ. ಅಂಗನವಾಡಿಯವರು 200 ಜನ ಬರುವ ದಿನ ಹತ್ತೇ ಮಹಿಳಾ ಕಾನ್‌ಸ್ಟೆಬಲ್‌ಗಳನ್ನು ಹಾಕಿದರೆ ಆ ನಿಯಮ ಮುರಿಯುವುದು ಬೆಳಿಗ್ಗೆಯ ಬಂದೋಬಸ್ತ್ ಪಟ್ಟಿಯಲ್ಲೇ ನಿಶ್ಚಯವಾಗಿರುತ್ತದೆ.

ಕ್ಯಾಮೆರಾ ಇದೆಯಲ್ಲ ಎನ್ನುತ್ತಾರೆ. 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಹಾಕಿ 18 ತಿಂಗಳ ದೃಶ್ಯ ಉಳಿಸಿಡಲು ಹೇಳಿತು, ನಿಜ. ಅದು ಠಾಣೆಯ ಮಾತು. ಜನರನ್ನು ಠಾಣೆಗೆ ಒಯ್ಯದೆ ಮೈದಾನಕ್ಕೋ ಕಲ್ಯಾಣ ಮಂಟಪಕ್ಕೋ ಒಯ್ದರೆ ಆ ಕ್ಯಾಮೆರಾದಿಂದ ಏನು ಉಪಯೋಗ?

ದೂರು ಕೊಡಿ ಎನ್ನುತ್ತಾರೆ. ಪೊಲೀಸ್ ಸುಧಾರಣೆ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಕರ್ನಾಟಕವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಕ್ಕೆ ಜಾಗ ಮಾಡಿತು. ಅಲ್ಲಿಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆಗಳು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಮೂರೇ. ಮೂರಕ್ಕೂ ಉತ್ತರ ಆ ಚೀಟಿಯಲ್ಲಿರುತ್ತಿತ್ತು. 2019ರ ಡಿಸೆಂಬರ್ 19ರಂದು ಬೆಂಗಳೂರಿನ ಟೌನ್‌ಹಾಲ್ ಎದುರು ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಯಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಅಂದಿನ ನಿಷೇಧಾಜ್ಞೆ ಕಾನೂನಿಗೆ ಒಪ್ಪುವಂಥದ್ದಲ್ಲ ಎಂದು 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಹೇಳಿತು. ಹೆಸರಾಂತರನ್ನು ಎತ್ತಿದ್ದಕ್ಕೆ ಕ್ಯಾಮೆರಾ ಸಾಕ್ಷಿಯಾಯಿತು. ಹುಳಿಯಾರಿನಿಂದ ಬಂದ ರೈತನಿಗೆ ಯಾವ ಕ್ಯಾಮೆರಾ ಸಾಕ್ಷಿ ಹೇಳುತ್ತದೆ?

ಚೀಟಿ ಕೊಟ್ಟರೆ ಕೇಸ್ ಹಾಕಬೇಕಾಗುತ್ತದೆ ಎಂಬುದು ಎದುರು ಪಕ್ಷದವರ ವಾದ. ಇದು ಹೆದರಿಸುವ ಮಾತು. ಕೇಸುಗಳು ಈಗಲೂ ಬೀಳುತ್ತಿವೆ, ಚೀಟಿ ಇಲ್ಲದೆಯೇ ಬೀಳುತ್ತಿವೆ.

ವಿರೋಧ: ಕಾಗದ ಹುಟ್ಟಿದರೆ ಅದರ ಹಿಂದೆ ಕೇಸೂ ಹುಟ್ಟುತ್ತದೆ

ಈ ಚರ್ಚೆಯಲ್ಲಿ ವಿರೋಧದ ಪಾಲು ನನಗೆ ಬಂದಿದೆ. ಪೊಲೀಸರ ಹೆಸರಿನ ಪಟ್ಟಿ ಪ್ರೊಟೆಕ್ಟರ್ ಮೇಲೆಯೇ ಕಾಣಬೇಕು, ಮಹಿಳೆಯರನ್ನು ಮಹಿಳಾ ಪೊಲೀಸರೇ ಎತ್ತಬೇಕು ಎಂಬ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಪ್ರತಿಯೊಬ್ಬರಿಗೂ ಕಲಂ ನಮೂದಿಸಿದ ಚೀಟಿ ಎಂಬುದಕ್ಕೆ.

ಸುರಕ್ಷಾ ಸಂಹಿತೆಯ 172ನೇ ಕಲಂ ಹೊಸದಾಗಿ ಸೇರಿದ್ದು. ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ತಡೆದಿಡಬಹುದು ಅಥವಾ ಅಲ್ಲಿಂದ ಸಾಗಿಸಬಹುದು, ನಂತರ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬಹುದು, ಸಣ್ಣಪುಟ್ಟ ಪ್ರಕರಣವಾದರೆ 24 ಗಂಟೆಯೊಳಗೆ ಆದಷ್ಟು ಬೇಗ ಬಿಟ್ಟುಬಿಡಬಹುದು ಎನ್ನುತ್ತದೆ. ಮೈದಾನದಲ್ಲಿ ಕೂರಿಸಿ ಸಂಜೆ ಬಿಡುವ ರೂಢಿಗೆ ಈಗ ಈ ಕಲಂನ ಆಸರೆ ಇದೆ. ಪೊಲೀಸರ ಕೈಯಲ್ಲಿರುವ ಉಪಾಯಗಳಲ್ಲಿ ಅತ್ಯಂತ ಮೆತ್ತನೆಯದು ಇದೇ. ಇದನ್ನು ಕಷ್ಟ ಮಾಡಿದರೆ ಉಳಿಯುವುದು ಎರಡು ದಾರಿ: 148ನೇ ಕಲಂ ಪ್ರಕಾರ ಚದುರಿ ಎಂದು ಮೈಕಿನಲ್ಲಿ ಆದೇಶ ಕೊಟ್ಟು ಬಲ ಪ್ರಯೋಗಿಸುವುದು, ಇಲ್ಲವೇ ಪೂರಾ ಬಂಧನ ಮಾಡಿ ಕೋರ್ಟಿಗೆ ಒಯ್ಯುವುದು. ಬಸ್ಸಿಗೆ ಹತ್ತಿಸುವುದಕ್ಕಿಂತ ಇವು ಯಾರಿಗೆ ಒಳ್ಳೆಯದು?

ಚೀಟಿಯಲ್ಲಿ ಕಲಂ ಬರೆದ ಮೇಲೆ ಆ ಹೆಸರು ದಾಖಲೆಯಾಗಿ ಉಳಿಯುತ್ತದೆ. ಅದರ ಇನ್ನೊಂದು ಪ್ರತಿ ಠಾಣೆಯಲ್ಲಿರುತ್ತದೆ, ಮುಂದೆ ಕಂಪ್ಯೂಟರಿಗೂ ಏರುತ್ತದೆ. ಪ್ರತಿಭಟನೆಗೆ ಬರುವವರಲ್ಲಿ ಪಿಯುಸಿ, ಡಿಗ್ರಿ ಓದುವ ಹುಡುಗರಿರುತ್ತಾರೆ. ನಾಳೆ ಅವರೇ ಪಿಎಸ್‌ಐ ಹುದ್ದೆಗೋ ಗ್ರಾಮ ಆಡಳಿತಾಧಿಕಾರಿ ಹುದ್ದೆಗೋ ಆಯ್ಕೆಯಾದಾಗ, ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ, ಪೂರ್ವಾಪರ ಪರಿಶೀಲನೆಗೆ ಕಾಗದ ಅದೇ ಠಾಣೆಗೆ ಬರುತ್ತದೆ. ತೆರೆದು ನೋಡಿದರೆ ಹೆಸರು ಇರುತ್ತದೆ. ಇಂದು ಬರಹ ಇಲ್ಲದಿರುವುದೇ ಆ ಹುಡುಗರಿಗೆ ರಕ್ಷೆ.

ಕೇಸ್ ಬಿದ್ದ ಮೇಲೆ ವಾಪಸ್ ಪಡೆಯುವುದು ಸುಲಭವಲ್ಲ. ರೈತರ ಮೇಲಿನ ಕೇಸ್ ವಾಪಸ್ ಎಂದು ಸರ್ಕಾರ ಘೋಷಿಸಿದರೂ 360ನೇ ಕಲಂ ಪ್ರಕಾರ ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಅಲ್ಲಿಯವರೆಗೆ ತಿಂಗಳಿಗೊಂದು ವಾಯಿದೆ, ಪ್ರತಿ ವಾಯಿದೆಗೆ ಒಂದು ದಿನದ ಕೂಲಿ ನಷ್ಟ. ಎದುರಿನವರು ಸಮನ್ಸಿನ ಮಾತು ಎತ್ತಿದ್ದಾರೆ. ಅದು ನ್ಯಾಯಾಲಯದಲ್ಲಿ ತೀರ್ಮಾನವಾಗುವ ವಿಷಯ.

ಕಂಡಕ್ಟರ್ ಹೋಲಿಕೆಯನ್ನೂ ಒಪ್ಪಲಾರೆ. ಪ್ರಯಾಣಿಕರು ದುಡ್ಡು ಮುಂದೆ ಹಿಡಿದು ಊರಿನ ಹೆಸರು ಹೇಳುತ್ತಾರೆ. ರಸ್ತೆಯಲ್ಲಿ ಮಲಗಿದವರನ್ನು ಹೆಸರು ಕೇಳಿದರೆ ‘ರೈತ’ ಅನ್ನುತ್ತಾರೆ, ಊರು ಕೇಳಿದರೆ ‘ಕರ್ನಾಟಕ’ ಅನ್ನುತ್ತಾರೆ. ಹಾಗನ್ನುವುದು ಹೋರಾಟದ ಒಂದು ಬಗೆ, ತಪ್ಪೆನ್ನಲಾಗದು. ಆದರೆ ಹೆಸರು ಹೇಳದವರಿಗೆ ಚೀಟಿ ಬರೆಯುವುದು ಹೇಗೆ? ಹೇಳುವವರೆಗೆ ಬಿಡಬಾರದು ಎಂದಾದರೆ ಆರು ಗಂಟೆ ಹೋಗಿ ಹನ್ನೆರಡು ಆಗುತ್ತದೆ.

ಹೆದ್ದಾರಿಯ ಮಾತೂ ಇದೆ. ಕ್ಯಾತ್ಸಂದ್ರ ಟೋಲ್ ಬಳಿ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಟ್ರ್ಯಾಕ್ಟರ್ ಅಡ್ಡ ನಿಂತರೆ ಬೆಂಗಳೂರಿಗೆ ಹೊರಟ ಆಂಬುಲೆನ್ಸ್ ಅದರ ಹಿಂದೆ ನಿಲ್ಲುತ್ತದೆ. ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬರನ್ನು ನೋವಾಗದಂತೆ ಎತ್ತಲು ನಾಲ್ವರು ಬೇಕು. ಆ ಹೊತ್ತಿನಲ್ಲಿ ಇಬ್ಬರನ್ನು ಬರೆಯಲು ಕೂರಿಸಿದರೆ ಎತ್ತುವ ಕೈ ಕಡಿಮೆಯಾಗುತ್ತವೆ, ಮೂವರು ಎತ್ತುವಾಗಲೇ ಜನ ಕೈಜಾರಿ ಬೀಳುವುದು.

ಪ್ರತಿಯೊಬ್ಬರಿಗೂ ಚೀಟಿ ಬೇಡ. ಆದರೆ ಒಳಗೆ ಕೂತವರನ್ನು ಹುಡುಕಿಕೊಂಡು ಬರುವ ಮನೆಯವರಿಗೆ ಉತ್ತರ ಸಿಗಬೇಕು ಎಂಬುದು ನನಗೂ ನ್ಯಾಯವಾಗಿ ಕಾಣುತ್ತದೆ. ತಾವಾಗಿ ಹೆಸರು ಹೇಳಿದವರದಷ್ಟೇ ಒಂದು ಪಟ್ಟಿ ಬರೆದು, ಕಲಂ ನಮೂದಿಸದೆ, ಕರೆತಂದ ಹೊತ್ತು ಮತ್ತು ಜವಾಬ್ದಾರಿ ಹೊತ್ತ ಅಧಿಕಾರಿಯ ಹೆಸರು ಹಾಕಿ ಮೈದಾನದ ಗೇಟಿಗೆ ಅಂಟಿಸಲಿ. ಬೇಕಾದವರು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಲಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಯಾರೆಂದು ಆ ಪಟ್ಟಿ ಬರೆಯುವಾಗಲೇ ಕೇಳಿ, ಅವರನ್ನು ಮಧ್ಯಾಹ್ನಕ್ಕೆ ಮೊದಲೇ ಮನೆಗೆ ಕಳುಹಿಸಲಿ.