ಇಲ್ಲದ ಪಟ್ಟಿಯಿಂದ ಹೆಸರು ತೆಗೆದರು

2025ರ ಅಕ್ಟೋಬರಿನಲ್ಲಿ ದವಡೆಯ ಹಲ್ಲು ಸಿಡಿಯತೊಡಗಿ, ಲೀಡ್ಸ್‌ನಲ್ಲಿ ನಾನು ಹಿಂದೆ ಹೋಗುತ್ತಿದ್ದ ಕ್ಲಿನಿಕ್ಕಿಗೆ ಫೋನು ಮಾಡಿದಾಗ, ಎರಡು ವರ್ಷದಿಂದ ತಪಾಸಣೆಗೆ ಬಾರದ ಕಾರಣ ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯಲಾಗಿದೆ ಎಂಬ ಉತ್ತರ ಬಂತು. ಸೋಜಿಗವೆಂದರೆ, ಇಂಗ್ಲೆಂಡಿನ ನಿಯಮದಲ್ಲಿ ಅಂಥ ಪಟ್ಟಿಯೇ ಇಲ್ಲ. 2006ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕರಾರು ಎನ್‌ಎಚ್‌ಎಸ್‌ನ, ಎಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ದಂತವೈದ್ಯರ ಬಳಿ ರೋಗಿಯ ನೋಂದಣಿಯನ್ನು ರದ್ದುಮಾಡಿತು. ಜಿಪಿ ಎನ್ನುವ ಕುಟುಂಬ ವೈದ್ಯರ ಬಳಿ ಹೆಸರು ಬರೆಸಿದವನು ಆ ಡಾಕ್ಟರ ಹೊಣೆಯಾಗಿ ಉಳಿಯುತ್ತಾನೆ. ಹಲ್ಲಿನ ವಿಷಯದಲ್ಲಿ ಮಾತ್ರ, ಹಿಡಿದ ಚಿಕಿತ್ಸೆ ಮುಗಿದರೆ ಹೆಚ್ಚುಕಡಿಮೆ ಋಣವೂ ಹರಿದಂತೆ.

ಇದರ ಬೇರು ಸರ್ಕಾರದ ಹಣ ಹರಿಯುವ ರೀತಿಯಲ್ಲಿದೆ. ವರ್ಷಕ್ಕೆ ಇಷ್ಟು ‘ಯುಡಿಎ’ ಎಂಬ ಅಂಕಗಳ ಲೆಕ್ಕದ ಕೆಲಸ ಮುಗಿಸಿಕೊಡುವುದಾಗಿ ಕ್ಲಿನಿಕ್ಕು ಒಪ್ಪಿಕೊಳ್ಳುತ್ತದೆ: ತಪಾಸಣೆಗೆ 1, ಹುಳುಕು ತುಂಬುವುದಕ್ಕೆ 3, ಕಟ್ಟುಹಲ್ಲಿನಂಥ ಕೆಲಸಕ್ಕೆ 12. 2022ರ ನವೆಂಬರ್‌ವರೆಗೆ ಒಂದು ಹಲ್ಲು ತುಂಬಿದರೂ 3, ಐದು ತುಂಬಿದರೂ 3; ಆಮೇಲೆ ಹೆಚ್ಚಿನ ಕೆಲಸಕ್ಕೆ ತುಸು ಹೆಚ್ಚು. ಗುರಿಯ ಶೇ 96ಕ್ಕಿಂತ ಕಡಿಮೆ ಕೆಲಸವಾದರೆ, ಆಗದ ಕೆಲಸಕ್ಕೆ ಕೊಟ್ಟ ಹಣ ವಾಪಸು ಹೋಗುತ್ತದೆ. ಹೀಗಿರುವಾಗ, ವರ್ಷಾನುಗಟ್ಟಲೆ ಡಾಕ್ಟರ ಮುಖ ಕಾಣದೆ ಬಾಯಿತುಂಬ ಹುಳುಕು ಹೊತ್ತು ಬಂದವನನ್ನು ಒಳಗೆ ಕರೆಯುವುದೆಂದರೆ ಕ್ಲಿನಿಕ್ಕಿಗೆ ಕೈಯಿಂದ ಖರ್ಚು. ವೈದ್ಯರನ್ನಷ್ಟೇ ಬೈಯುವುದು ನನಗೆ ನ್ಯಾಯವೆನಿಸುವುದಿಲ್ಲ. ಕೊರತೆ ಎಷ್ಟಿತ್ತೆಂದರೆ, 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುತ್ತೇವೆಂದ ಕ್ಲಿನಿಕ್ಕಿನ ಮುಂದೆ ನೂರಾರು ಮಂದಿ ಸಾಲುಗಟ್ಟಿ, ಪೊಲೀಸರೇ ಬರಬೇಕಾಯಿತು. (ಅಲ್ಲಿ ಎಲ್ಲವೂ ಪುಕ್ಕಟೆಯಂತೆ, ಹೌದೇ ಎಂದು ಊರಿನಲ್ಲಿ ಕೇಳುವವರಿಗೆ ಒಂದು ಮಾತು: ಹಲ್ಲಿನ ಶುಲ್ಕ 1951ರಷ್ಟು ಹಳೆಯದು, ಅದನ್ನು ಒಪ್ಪದೆ ಎನ್‌ಎಚ್‌ಎಸ್ ಕಟ್ಟಿದ ಅನ್ಯೂರಿನ್ ಬೆವನ್ ಮಂತ್ರಿಗಿರಿಯನ್ನೇ ಬಿಟ್ಟರು.)

ಸ್ಕಾಟ್ಲೆಂಡಿನಲ್ಲಿ ನೋಂದಣಿ ಉಳಿದಿದೆ; 2010ರಿಂದ ಅದು ಆಜೀವವೂ ಹೌದು, ತಪಾಸಣೆ ಎಲ್ಲರಿಗೂ ಉಚಿತ. ಆದರೂ ಗ್ಲಾಸ್ಗೋದ ಗೆಳೆಯನೊಬ್ಬ “ನನಗೆ ಹೆಸರಿದೆ, ತಾರೀಖಿಲ್ಲ” ಎಂದು ನಗುತ್ತಾನೆ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಅಮ್ಮ ಬೆಳಗ್ಗೆಯೇ ಚೀಟಿ ಬರೆಸಿ, ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು, ಕಲಿಯುವ ಹುಡುಗಿಯ ಕೈಗೆ ಬಾಯಿ ಒಪ್ಪಿಸಿ ಹಲ್ಲು ತುಂಬಿಸಿಕೊಂಡು ಬಂದಿದ್ದರು. ಪಟ್ಟಿಯಲ್ಲಿದ್ದೀರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಆರು ತಿಂಗಳ ಮೇಲೆ ಮತ್ತೆ ಬನ್ನಿ ಎಂದು ಕರೆಯಲೂ ಇಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಕಟ್ಟುಹಲ್ಲು ಕೊಡುವ ನಮ್ಮ ದಂತ ಭಾಗ್ಯ ಯೋಜನೆಯೂ ಒದಗುವುದು ಹಲ್ಲು ಉದುರಿದ ನಂತರವೇ. ಎರಡೂ ಕಡೆ ಕೊರತೆ ಒಂದೇ: ಮಾಡಿದ ಕೆಲಸಕ್ಕೆ ಹಣ ಉಂಟು, ಇಂಥವರ ಹಲ್ಲು ಕಾಯುತ್ತೇನೆ ಎಂಬ ಹೊಣೆಗೆ ಇಲ್ಲ. ನೋಂದಣಿಯನ್ನು ಮರಳಿ ತಂದು, ತಲೆಗಿಷ್ಟೆಂದು ವರ್ಷವಿಡೀ ಹಣ ಕೊಡುವ ಕ್ರಮವನ್ನು ಇಂಗ್ಲೆಂಡು ಮೊದಲು ಮಾಡಬೇಕೆಂಬುದು ನನ್ನ ಅನಿಸಿಕೆ.

ನನ್ನ ಹಲ್ಲನ್ನು ತುಂಬಿ ಉಳಿಸಬಹುದಿತ್ತೋ ಏನೋ. 111 ಎಂಬ ಆರೋಗ್ಯ ಸಹಾಯವಾಣಿಗೆ ಕರೆಮಾಡಿ, ಮೂರನೆಯ ದಿನ ಬೇರೆ ಊರಿನಲ್ಲಿ ತುರ್ತು ಸರದಿ ಹಿಡಿದು, 27.40 ಪೌಂಡ್ ತೆತ್ತು ಕೀಳಿಸಿಕೊಂಡು ಬಂದೆ.