ಆಸ್ಟಿಯೋಪೊರೋಸಿಸ್ ಇದ್ದವರಿಗೆ ಇಂಪ್ಲಾಂಟ್: ಮೊದಲು ಔಷಧಿ ಚೀಟಿ ತೋರಿಸಿ

ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಟೊಳ್ಳಾಗೋ ಕಾಯಿಲೆ, ಇದೆ ಅಂದ ಕೂಡಲೇ ಹಲ್ಲಿನ ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟೋದು) ಬಗ್ಗೆ ಎರಡು ಥರದ ಉತ್ತರ ಬರುತ್ತೆ. "ನಿಮ್ಮ ಮೂಳೆಯಲ್ಲಿ ಸ್ಕ್ರೂ ನಿಲ್ಲಲ್ಲಮ್ಮ, ತೆಗೆದು ಹಾಕೋ ಹಲ್ಲಿನ ಸೆಟ್ಟೇ ಹಾಕಿಸ್ಕೊಳ್ಳಿ" ಅನ್ನೋದು ಒಂದು. "ಏನೂ ತೊಂದರೆ ಇಲ್ಲ, ಇವತ್ತೇ ಸ್ಕ್ರೂ, ಇವತ್ತೇ ಹಲ್ಲು" ಅನ್ನೋದು ಇನ್ನೊಂದು. ಎರಡೂ ರೋಗಿಯನ್ನು ಸರಿಯಾಗಿ ವಿಚಾರಿಸದೆ ಕೊಡೋ ಉತ್ತರಗಳು. ಬರೀ ಆಸ್ಟಿಯೋಪೊರೋಸಿಸ್ ಇದೆ ಅನ್ನೋ ಕಾರಣಕ್ಕೆ ಇಂಪ್ಲಾಂಟ್ ಬೇಡ ಅನ್ನಬೇಕಾಗಿಲ್ಲ. ಆದರೆ ಮೂಳೆಗೆ ಅಂತ ಯಾವ ಔಷಧಿ ತಗೊಳ್ತಿದ್ದಾರೆ, ಎಷ್ಟು ವರ್ಷದಿಂದ, ಮಾತ್ರೆಯೋ ಇಂಜೆಕ್ಷನ್ನೋ, ಜೊತೆಗೆ ಸ್ಟೀರಾಯ್ಡ್ ಇದೆಯೋ ಅಂತ ಕೇಳದೆ ಡ್ರಿಲ್ ಕೈಗೆತ್ತಿಕೊಳ್ಳೋದು ತಪ್ಪು.

ಔಷಧಿಯಿಂದಲೇ ಶುರು ಮಾಡ್ತೀನಿ. ಹೆಚ್ಚು ಗೊಂದಲ ಇರೋದು ಅಲ್ಲೇ.

ಬಹಳ ಜನ ತಗೊಳ್ಳೋದು ಬಿಸ್‌ಫಾಸ್ಫೊನೇಟ್ ಗುಂಪಿನ ಔಷಧಿ. ವಾರಕ್ಕೊಮ್ಮೆ ಅಲೆಂಡ್ರೊನೇಟ್ 70 ಮಿ.ಗ್ರಾಂ, ತಿಂಗಳಿಗೊಮ್ಮೆ ಐಬಾಂಡ್ರೊನೇಟ್ 150 ಮಿ.ಗ್ರಾಂ, ಇಲ್ಲವೇ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಜೊಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ. ಇವು ಮೂಳೆಯ ಖನಿಜಕ್ಕೇ ಅಂಟಿಕೊಂಡು ಕೂರುತ್ತವೆ. ಹಳೇ ಮೂಳೆಯನ್ನು ಕರಗಿಸೋ ಆಸ್ಟಿಯೋಕ್ಲಾಸ್ಟ್ ಕೋಶ ಆ ಮೂಳೆಯನ್ನು ತಿಂದಾಗ ಔಷಧಿಯೂ ಒಳಗೆ ಹೋಗಿ ಆ ಕೋಶ ಸುಸ್ತಾಗಿ ಸಾಯುತ್ತೆ. ಮೂಳೆ ಕರಗೋದು ಕಡಿಮೆಯಾಗುತ್ತೆ, ಸೊಂಟದ ಮೂಳೆ ಮುರಿಯೋದೂ ಕಡಿಮೆಯಾಗುತ್ತೆ. ಒಳ್ಳೇದೇ. ಆದರೆ ಗಾಯ ವಾಸಿಯಾಗೋಕೂ ಸತ್ತ ಮೂಳೆಯ ಚೂರು ಕರಗಲೇಬೇಕಲ್ಲ. ದವಡೆಯಲ್ಲಿ ಮೂಳೆ ಬದಲಾಗೋ ವೇಗ ಜಾಸ್ತಿ, ಮೇಲಿನ ಹೊದಿಕೆ ತೆಳು, ಪಕ್ಕದಲ್ಲೇ ಬ್ಯಾಕ್ಟೀರಿಯಾ ತುಂಬಿದ ಬಾಯಿ. ಅಪರೂಪಕ್ಕೆ ದವಡೆ ಮೂಳೆಯ ಒಂದು ಭಾಗ ಸತ್ತು ವಸಡಿನಿಂದ ಹೊರಗೆ ಕಾಣಿಸಿಕೊಳ್ಳುತ್ತೆ. ಇದನ್ನೇ ಎಂಆರ್‌ಒಎನ್‌ಜೆ ಅಂತಾರೆ. ಇಂಥ ಔಷಧಿ ತಗೊಂಡವರಲ್ಲಿ, ದವಡೆಗೆ ರೇಡಿಯೇಶನ್ ಆಗಿರದಿದ್ದರೂ, ಎಂಟು ವಾರ ಕಳೆದರೂ ಮೂಳೆ ಮುಚ್ಚಿಕೊಳ್ಳದಿದ್ದರೆ ಆ ಹೆಸರು ಕೊಡ್ತಾರೆ.

2003ರಲ್ಲಿ ಅಮೆರಿಕದ ದವಡೆ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಇಂಥ 36 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಹಲ್ಲಿನ ಲೋಕದಲ್ಲಿ ಈ ಭಯ ಹುಟ್ಟಿತು. ಅವರಲ್ಲಿ ಹೆಚ್ಚಿನವರು ಕ್ಯಾನ್ಸರ್‌ಗಾಗಿ ರಕ್ತನಾಳದ ಮೂಲಕ ಔಷಧಿ ಪಡೆದವರು. ಡೋಸ್ ಲೆಕ್ಕ ಹಾಕಿ ನೋಡಿ: ಆಸ್ಟಿಯೋಪೊರೋಸಿಸ್‌ಗೆ ಜೊಲೆಡ್ರೊನಿಕ್ ಆಸಿಡ್ ವರ್ಷಕ್ಕೆ 5 ಮಿ.ಗ್ರಾಂ. ಮೂಳೆಗೆ ಹರಡಿದ ಕ್ಯಾನ್ಸರ್‌ನಲ್ಲಿ ತಿಂಗಳು ತಿಂಗಳು 4 ಮಿ.ಗ್ರಾಂ ಕೊಟ್ಟರೆ ವರ್ಷಕ್ಕೆ 48 ಆಯ್ತು. ಹತ್ತಿರ ಹತ್ತು ಪಟ್ಟು. ಕ್ಯಾನ್ಸರ್ ಡೋಸ್‌ನಲ್ಲಿ ಇರುವವರಿಗೆ ಇಂಪ್ಲಾಂಟ್ ಬೇಡವೇ ಬೇಡ, ಅದರಲ್ಲಿ ಚರ್ಚೆಯಿಲ್ಲ. ಆದರೆ ಅವರ ಅಪಾಯವನ್ನು ವಾರಕ್ಕೊಂದು ಮಾತ್ರೆ ನುಂಗೋ ಅಜ್ಜಿಯ ತಲೆಗೆ ಕಟ್ಟೋದು ನ್ಯಾಯವಲ್ಲ. ಬಿಸ್‌ಫಾಸ್ಫೊನೇಟ್ ಮಾತ್ರೆಯವರಲ್ಲಿ ಈ ತೊಂದರೆ ಹತ್ತು ಸಾವಿರಕ್ಕೆ 2ರಿಂದ 5 ಜನರ ಆಸುಪಾಸಿನಲ್ಲಿದೆ. ನಾಲ್ಕೈದು ವರ್ಷ ದಾಟಿದ್ದರೆ, ಜೊತೆಗೆ ಪ್ರೆಡ್ನಿಸಲೋನ್ ಥರದ ಸ್ಟೀರಾಯ್ಡ್ ಇದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಸಿಗರೇಟ್ ಇದ್ದರೆ ಅಪಾಯ ಏರುತ್ತೆ. ಆಗ ಒಂದೇ ದಿನ ಆರು ಇಂಪ್ಲಾಂಟ್ ಕೂರಿಸೋ ಬದಲು ಒಂದು ಕಡೆ ಒಂದು ಹಾಕಿ, ವಸಡು ಹೇಗೆ ಮುಚ್ಚಿಕೊಳ್ಳುತ್ತೆ ಅಂತ ನೋಡಿ ಮುಂದುವರಿಯೋದು ನನ್ನ ಲೆಕ್ಕದಲ್ಲಿ ಬುದ್ಧಿವಂತಿಕೆ.

"ಹದಿನೈದು ದಿನ ಮಾತ್ರೆ ನಿಲ್ಲಿಸಿ ಬನ್ನಿ" ಅನ್ನೋ ಸಲಹೆ ಇನ್ನೂ ಓಡಾಡ್ತಿದೆ. ಅಲೆಂಡ್ರೊನೇಟ್ ಮೂಳೆಯೊಳಗೆ ಹತ್ತು ವರ್ಷಕ್ಕೂ ಮೀರಿ ಉಳಿಯುತ್ತೆ. ಹದಿನೈದು ದಿನ ನಿಲ್ಲಿಸಿದರೆ ದವಡೆಗೆ ಏನು ಗೊತ್ತಾಗುತ್ತೆ? ಇನ್ನು ಮೂಳೆ ಕರಗೋ ವೇಗ ತೋರಿಸೋ ಸಿಟಿಎಕ್ಸ್ ಅನ್ನೋ ರಕ್ತ ಪರೀಕ್ಷೆ. ಮಿಲಿಲೀಟರ್‌ಗೆ 150 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಅಪಾಯ ಅಂತ 2007ರಲ್ಲಿ ಹೇಳಿದ್ದರು. ಊಟ, ಪರೀಕ್ಷೆ ಮಾಡಿದ ಹೊತ್ತು, ಇತ್ತೀಚೆಗೆ ಮುರಿದ ಮೂಳೆ ಎಲ್ಲದರಿಂದಲೂ ಏರಿಳಿಯೋ ಅಂಕಿ ಅದು. ಯಾರಿಗೆ ತೊಂದರೆ ಆಗುತ್ತೆ ಅಂತ ಮೊದಲೇ ಹೇಳೋ ಶಕ್ತಿ ಅದಕ್ಕಿಲ್ಲ. ಆ ಒಂದು ಅಂಕಿ ಹಿಡಿದು ರೋಗಿಯನ್ನು ತಿಂಗಳುಗಟ್ಟಲೆ ಅಲೆದಾಡಿಸೋದನ್ನು ನಿಲ್ಲಿಸಬೇಕು.

ಡೆನೊಸುಮಾಬ್ ಅನ್ನೋ ಇನ್ನೊಂದು ಮೂಳೆ ಔಷಧಿಯ ಕಥೆಯೇ ಬೇರೆ. ಆರು ತಿಂಗಳಿಗೊಮ್ಮೆ ಚರ್ಮದಡಿ 60 ಮಿ.ಗ್ರಾಂ ಇಂಜೆಕ್ಷನ್. ಇದು ಮೂಳೆಗೆ ಅಂಟಿಕೊಳ್ಳಲ್ಲ, ಆರು ತಿಂಗಳಿಗೆ ಪ್ರಭಾವ ಇಳಿದುಹೋಗುತ್ತೆ. ಹಾಗಾದರೆ ಇಂಪ್ಲಾಂಟ್‌ಗೋಸ್ಕರ ಒಂದು ಡೋಸ್ ಬಿಟ್ಟರಾಯ್ತಲ್ಲ ಅನ್ನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಈ ಔಷಧಿ ಏಕಾಏಕಿ ನಿಂತರೆ ಅದುಮಿಟ್ಟಿದ್ದ ಆಸ್ಟಿಯೋಕ್ಲಾಸ್ಟ್‌ಗಳು ಒಟ್ಟಿಗೇ ಎದ್ದು ಕೂರುತ್ತವೆ, ವರ್ಷಗಟ್ಟಲೆ ಗಳಿಸಿದ ಸಾಂದ್ರತೆ ಕೆಲವೇ ತಿಂಗಳಲ್ಲಿ ಕರಗುತ್ತೆ, ಬೆನ್ನುಮೂಳೆಯ ಒಂದಲ್ಲ, ಎರಡು ಮೂರು ಕಶೇರುಖಂಡ ಒಟ್ಟಿಗೇ ಕುಸಿಯಬಹುದು. ಒಂದು ಹಲ್ಲಿಗೋಸ್ಕರ ಬೆನ್ನು ಮುರಿಸಿಕೊಳ್ಳೋ ವ್ಯವಹಾರ ಯಾರಿಗೂ ಬೇಡ. ದಾರಿ ಇಷ್ಟೇ: ಕೊನೆಯ ಇಂಜೆಕ್ಷನ್ ಆಗಿ ಮೂರರಿಂದ ನಾಲ್ಕು ತಿಂಗಳ ನಡುವೆ ಇಂಪ್ಲಾಂಟ್ ಮಾಡಿ. ಮುಂದಿನ ಡೋಸ್‌ಗೆ ಎರಡರಿಂದ ಮೂರು ತಿಂಗಳು ಉಳಿಯುತ್ತೆ, ವಸಡು ಮುಚ್ಚಿಕೊಳ್ಳೋಕೆ ಅಷ್ಟು ಸಾಕು. ಮುಂದಿನ ಡೋಸ್ ಅದರ ದಿನಕ್ಕೇ ಆಗಲಿ. ಮೂಳೆ ಔಷಧಿ ಬರೆದ ವೈದ್ಯರಿಗೂ ಹಲ್ಲಿನ ವೈದ್ಯರಿಗೂ ಒಂದು ಫೋನ್ ಮಾತು ಆದರೆ ಇದೆಲ್ಲ ಸಲೀಸು. ಆ ಒಂದು ಫೋನೇ ಆಗಲ್ಲ ನೋಡಿ.

ಟೆರಿಪ್ಯಾರಟೈಡ್ ದಿನಕ್ಕೆ 20 ಮೈಕ್ರೋಗ್ರಾಂ ಚುಚ್ಚಿಕೊಳ್ಳುವವರ ಬಗ್ಗೆ ಹೆಚ್ಚು ಚಿಂತೆ ಬೇಡ. ಅದು ಮೂಳೆ ಕಟ್ಟೋ ಔಷಧಿ.

ಈಗ ರಿಪೋರ್ಟ್ ವಿಷಯ. ಮೂಳೆಯ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಅನ್ನೋ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಸರಿ. ಆದರೆ ಅದನ್ನು ಅಳೆಯೋದು ಸೊಂಟ ಮತ್ತು ಬೆನ್ನಿನಲ್ಲಿ. ದವಡೆಯಲ್ಲಿ ಎಷ್ಟಿದೆ ಅಂತ ಆ ಅಂಕಿ ಹೇಳಲ್ಲ. ಒಂದೇ ಬಾಯಲ್ಲಿ ಕೆಳದವಡೆಯ ಮುಂಭಾಗ ಗಟ್ಟಿ, ಮೇಲಿನ ಹಿಂಭಾಗ ಪೊಳ್ಳು ಇರೋದು ಆರೋಗ್ಯವಂತರಲ್ಲೂ ಇದ್ದದ್ದೇ. ಲೆಕ್‌ಹೋಮ್ ಮತ್ತು ಜಾರ್ಬ್ 1985ರಲ್ಲಿ ಮಾಡಿದ ದವಡೆ ಮೂಳೆಯ ನಾಲ್ಕು ದರ್ಜೆಗಳಲ್ಲಿ ಈ ಮೇಲಿನ ಹಿಂಭಾಗ ಹೆಚ್ಚಾಗಿ ನಾಲ್ಕನೆಯದಕ್ಕೆ ಬರುತ್ತೆ: ಹೊರಗೆ ತೆಳು ಸಿಪ್ಪೆ, ಒಳಗೆ ವಿರಳ ಜಾಲ. ಆಸ್ಟಿಯೋಪೊರೋಸಿಸ್ ಮೊದಲು ತಿನ್ನೋದೂ ಈ ಒಳಜಾಲವನ್ನೇ. ಹಾಗಾಗಿ ಕೆಳಮುಂಭಾಗದ ಎರಡು ಇಂಪ್ಲಾಂಟ್‌ಗೂ ಮೇಲಿನ ದವಡೆ ಹಲ್ಲಿನ ಜಾಗಕ್ಕೂ ಒಂದೇ ಮಾತು ಹೇಳೋಕಾಗಲ್ಲ. ದವಡೆಯ 3ಡಿ ಸ್ಕ್ಯಾನ್ ಆದ ಸಿಬಿಸಿಟಿಯಲ್ಲಿ ಅಗಲ, ಎತ್ತರ, ಸಿಪ್ಪೆಯ ದಪ್ಪ ಚೆನ್ನಾಗಿ ಕಾಣುತ್ತೆ. ಅದರ ಬೂದು ಬಣ್ಣದ ಅಂಕಿಯನ್ನು ಸಾಂದ್ರತೆ ಅಂತ ಓದಬೇಡಿ, ಯಂತ್ರದಿಂದ ಯಂತ್ರಕ್ಕೆ ಅದು ಬದಲಾಗುತ್ತೆ.

ತದ್ವಿರುದ್ಧವಾದ್ದೂ ಇದೆ, ಹಲ್ಲಿನ ಎಕ್ಸ್‌ರೇಯೇ ಕಾಯಿಲೆಯ ಸುಳಿವು ಕೊಡೋದು. ಎರಡೂ ದವಡೆ ಒಟ್ಟಿಗೆ ಕಾಣೋ ಸಾಧಾರಣ ಒಪಿಜಿ ಎಕ್ಸ್‌ರೇಯಲ್ಲಿ ಕೆಳದವಡೆಯ ಅಡಿಯಂಚನ್ನು, ಗದ್ದದ ನರ ಹೊರಬರೋ ರಂಧ್ರದ ನೇರಕ್ಕೆ ಅಳೆದು ನೋಡಿ. ಆ ಬಿಳಿ ಪಟ್ಟಿ 3 ಮಿ.ಮೀ.ಗಿಂತ ತೆಳ್ಳಗಿದ್ದರೆ, ಒಳಅಂಚು ಸಾಫಾಗಿರದೆ ಹರಿದಂತೆ ಕಂಡರೆ, ಮುಟ್ಟು ನಿಂತ ಹೆಂಗಸರನ್ನು ಡೆಕ್ಸಾಗೆ ಕಳಿಸೋಕೆ ಅದೇ ಸಾಕು. ಕಾಯಿಲೆ ಇದೆ ಅಂತ ಗೊತ್ತೇ ಇಲ್ಲದವರು ಹಲ್ಲಿನ ಕುರ್ಚಿಯಲ್ಲಿ ಪತ್ತೆಯಾಗೋದು ಹೀಗೆ.

ಇನ್ನು ಮೂಳೆ ಟೈಟಾನಿಯಂ ಅನ್ನು ಹಿಡಿಯೋದು ಹೇಗೆ? ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಕೂರಿಸಿದಾಗಿನಿಂದ ಮೂಲಸೂತ್ರ ಬದಲಾಗಿಲ್ಲ: ಅಲುಗಾಡಬಾರದು. ಸ್ಕ್ರೂ ಕೂತ ದಿನದ ಬಿಗಿ ಬರೀ ಎಳೆಗಳ ಹಿಡಿತದ್ದು. ಕೊರೆದಾಗ ಏಟು ತಿಂದ ಮೂಳೆ ಮೊದಲ ವಾರಗಳಲ್ಲಿ ಕರಗುತ್ತೆ, ಹೊಸದು ಇನ್ನೂ ಗಟ್ಟಿಯಾಗಿರಲ್ಲ. ಮೂರು ನಾಲ್ಕನೇ ವಾರಕ್ಕೆ ಬಿಗಿ ಅತಿ ಕಡಿಮೆ. ಆಮೇಲೆ ಹೊಸ ಮೂಳೆಯಿಂದ ಮತ್ತೆ ಏರುತ್ತೆ. ಈ ತಗ್ಗಿನಲ್ಲಿ ಸ್ಕ್ರೂ 150 ಮೈಕ್ರಾನ್‌ಗಿಂತ ಜಾಸ್ತಿ ಅಲುಗಾಡಿದರೆ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತೆ. ಅಲ್ಲಿಗೆ ಮುಗೀತು, ಆಮೇಲೆ ಎಷ್ಟು ಕಾದರೂ ಅದು ಮೂಳೆ ಆಗಲ್ಲ.

ಆಸ್ಟಿಯೋಪೊರೋಸಿಸ್‌ನಲ್ಲಿ ಮೊದಲ ದಿನದ ಹಿಡಿತವೂ ಕಡಿಮೆ, ಆ ತಗ್ಗೂ ಉದ್ದ. ಮೂಳೆ ಸವೆಯಲಿ ಅಂತ ಅಂಡಾಶಯ ತೆಗೆದ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇಂಪ್ಲಾಂಟ್ ಮೈಗೆ ತಾಗಿದ ಮೂಳೆ ಕಡಿಮೆ ಸಿಕ್ಕಿದೆ. ಆದರೆ ಮನುಷ್ಯರಲ್ಲಿ ಇಂಪ್ಲಾಂಟ್ ಉಳಿಯೋ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ, ಅಂಚಿನ ಮೂಳೆ ಮಾತ್ರ ಕೊಂಚ ಹೆಚ್ಚು ಸವೆಯುತ್ತೆ. ಅಂದರೆ ಈ ಮೂಳೆ ವಾಸಿಯಾಗಲ್ಲ ಅಂತಲ್ಲ, ತಡವಾಗಿ ವಾಸಿಯಾಗುತ್ತೆ. ಕೆಡೋದು ಹೆಚ್ಚಾಗಿ ನಮ್ಮ ಅವಸರದಿಂದ.

ಕೊರೆಯೋ ಕೆಲಸಕ್ಕೆ ಬರೋಣ. ಮೆತ್ತನೆ ಮರಕ್ಕೆ ಸ್ಕ್ರೂ ಹಾಕೋ ಬಡಗಿ ತೂತನ್ನು ಬೇಕೆಂದೇ ಸಣ್ಣದು ಮಾಡ್ತಾನೆ, ಇಲ್ಲೂ ಅದೇ. ಕಂಪನಿ ಹೇಳಿದ ಸರಣಿಯಲ್ಲಿ ಕೊನೆಯ ಡ್ರಿಲ್ ಬಿಟ್ಟುಬಿಡಿ, ತೂತಿನ ಬಾಯಿ ಅಗಲಿಸೋ ಡ್ರಿಲ್ ಮುಟ್ಟಲೇಬೇಡಿ, ಎಳೆ ಕೊರೆಯೋ ಟ್ಯಾಪ್ ಅಂತೂ ಬೇಡ. ತುದಿಯತ್ತ ಸಪೂರವಾಗೋ, ಎಳೆ ಆಳವಾಗಿರೋ, ಮೈ ಒರಟಾಗಿಸಿದ ಇಂಪ್ಲಾಂಟ್ ಆರಿಸಿ. ತಿರುವುಮುರುವಾಗಿ ತಿರುಗಿ ಮೂಳೆಯನ್ನು ಹೊರತೆಗೆಯದೆ ಗೋಡೆಗೆ ಒತ್ತೋ ಬರ್‌ಗಳೂ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಮೂಳೆ ಮೆತ್ತಗಿದೆ ಅಂತ ನೀರು ಕಡಿಮೆ ಬಿಡೋದು ಬೇಡ. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ನಿಂತರೆ ಮೂಳೆಗೆ ಪೆಟ್ಟು. ಸಲೈನ್ ಸುರಿಯುತ್ತಿರಲಿ, ಡ್ರಿಲ್ ಹರಿತವಾಗಿರಲಿ.

ಜನ ಗಮನಿಸದ ಒಂದು ಸಂಗತಿ: ಮೆತ್ತನೆ ಮೂಳೆಯಲ್ಲಿ ಡ್ರಿಲ್ ಹಿಡಿದ ಕೈ ಚೂರು ವಾಲಿದರೂ ತೂತು ಮೊಟ್ಟೆಯಾಕಾರ ಆಗುತ್ತೆ. ಗಟ್ಟಿ ಮೂಳೆ ಆ ವಾಲಿಕೆಗೆ ಎದುರು ನಿಲ್ಲುತ್ತೆ, ಇದು ನಿಲ್ಲಲ್ಲ. ಕೈ ರಾಚೆಟ್‌ನಲ್ಲಿ ಕೂರಿಸುವಾಗಲೂ ಹೀಗೇ. ಆದ್ದರಿಂದ ಮೋಟಾರ್‌ನಲ್ಲೇ ನಿಧಾನಕ್ಕೆ, ಒಂದೇ ನೇರಕ್ಕೆ ಇಳಿಸಿ. ಸಾಕಷ್ಟು ಆಳಕ್ಕೆ ಹೋದ ಮೇಲೆ ಇನ್ನೊಂದು ಸುತ್ತು ತಿರುಗಿಸೋಣ ಅಂದರೆ ಎಳೆ ಕಿತ್ತು ಸ್ಕ್ರೂ ಸುಮ್ಮನೆ ಸುತ್ತೋಕೆ ಶುರುವಾಗುತ್ತೆ. ಹಾಗಾದರೆ ಕೂಡಲೇ ತೆಗೆದು ಅಗಲದ ಇಂಪ್ಲಾಂಟ್ ಹಾಕಿ, ಇಲ್ಲವೇ ಮುಚ್ಚಿ ಬಿಟ್ಟು ಆಮೇಲೆ ಬನ್ನಿ.

ಕೂರಿಸುವಾಗ 35 ನ್ಯೂಟನ್ ಸೆಂಟಿಮೀಟರ್ ಟಾರ್ಕ್, ಅಂದರೆ ತಿರುಗಿಸೋ ಬಿಗಿ, ಬರಲಿಲ್ಲ ಅಂತ ಗಾಬರಿ ಬೇಡ. ಅದು ತಕ್ಷಣ ಹಲ್ಲು ಕೂರಿಸುವವರ ಲೆಕ್ಕ. 15ರಿಂದ 20 ಬಂದರೂ, ಸ್ಕ್ರೂ ಸುತ್ತದಿದ್ದರೆ, ಕವರ್ ಸ್ಕ್ರೂ ಹಾಕಿ ವಸಡಿನಡಿ ಮುಚ್ಚಿ ಕಾಯಬಹುದು. ಕೆಳದವಡೆಗೆ ಮಾಮೂಲಿ ಮೂರು ತಿಂಗಳಾದರೆ ಇಲ್ಲಿ ನಾಲ್ಕು, ಮೇಲಕ್ಕೆ ಆರು ಇಟ್ಟುಕೊಳ್ಳಿ. ತೆರೆದಾಗ ಇಂಪ್ಲಾಂಟ್ ಎಷ್ಟು ಬಿಗಿಯಾಗಿದೆ ಅಂತ ಹೇಳೋ ಐಎಸ್‌ಕ್ಯೂ ಅಂಕಿ 60ಕ್ಕಿಂತ ಕೆಳಗಿದ್ದರೆ ಕ್ರೌನ್ (ಮೇಲೆ ಕೂರಿಸೋ ಹಲ್ಲು) ಬೇಡ, ಆರು ವಾರ ಬಿಟ್ಟು ಮತ್ತೆ ಅಳೆಯಿರಿ.

ಕಾಯೋ ತಿಂಗಳುಗಳಲ್ಲಿ ಕೆಲಸ ಕೆಡಿಸೋ ದೊಡ್ಡ ಕಳ್ಳ ಹಳೇ ಸೆಟ್. ವಸಡಿನಡಿ ಇಂಪ್ಲಾಂಟ್ ಸುರಕ್ಷಿತ ಅಂದುಕೊಂಡು ಅದೇ ಸೆಟ್ ಹಾಕಿಕೊಂಡು ಅಗಿದರೆ, ಪ್ರತಿ ತುತ್ತಿಗೂ ಅದು ವಸಡಿನ ಮೇಲಿಂದ ಸ್ಕ್ರೂವನ್ನು ಒತ್ತುತ್ತೆ. ಮೊದಲ ಎರಡು ವಾರ ಸೆಟ್ ಬೇಡ. ಆಮೇಲೆ ಇಂಪ್ಲಾಂಟ್ ಇರೋ ಜಾಗದಲ್ಲಿ ಒಳಗಿನಿಂದ ಕನಿಷ್ಠ 2 ಮಿ.ಮೀ. ಕೆರೆದು ಮೆತ್ತನೆ ಲೈನರ್ ಹಾಕಿಸಿ. ಆ ಲೈನರ್ ಗಟ್ಟಿಯಾಗುತ್ತೆ, ತಿಂಗಳಿಗೊಮ್ಮೆ ನೋಡಿ ಬದಲಿಸಬೇಕು. ರಾತ್ರಿ ತೆಗೆದೇ ಮಲಗಬೇಕು.

ಹಲ್ಲು ಕೂರಿಸುವಾಗಲೂ ನೇರ ಪಿಂಗಾಣಿಗೆ ಹೋಗಬೇಡಿ. ಎರಡು ತಿಂಗಳು ಅಕ್ರಿಲಿಕ್‌ನ ತಾತ್ಕಾಲಿಕ ಕ್ರೌನ್ ಇಟ್ಟು, ಮೊದಲು ಎದುರು ಹಲ್ಲಿಗೆ ತಾಗದಂತೆ, ನಂತರ ನಿಧಾನಕ್ಕೆ ತಾಗುವಂತೆ ಮಾಡಿದರೆ ಮೂಳೆ ಭಾರಕ್ಕೆ ಒಗ್ಗಿಕೊಂಡು ದಟ್ಟವಾಗುತ್ತೆ. ಪಕ್ಕಪಕ್ಕದ ಇಂಪ್ಲಾಂಟ್‌ಗಳ ಕ್ರೌನ್ ಒಂದಕ್ಕೊಂದು ಜೋಡಿಸಿ. ಆಧಾರವಿಲ್ಲದೆ ಹಿಂದಕ್ಕೆ ಚಾಚಿದ ಹಲ್ಲು ಮಾತ್ರ ಬೇಡ.

ವಿಟಮಿನ್ ಡಿ ಮಿಲಿಲೀಟರ್‌ಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಮೊದಲು ಸರಿಮಾಡಿಕೊಂಡು ಬನ್ನಿ. ಅಗ್ಗದ ಪರೀಕ್ಷೆ, ಸುಲಭದ ಚಿಕಿತ್ಸೆ. ಇದರಿಂದಲೇ ಇಂಪ್ಲಾಂಟ್ ಉಳಿಯುತ್ತೆ ಅಂತ ಮಾತ್ರ ನಂಬಿ ಕೂರಬೇಡಿ.

ಕೊನೆಯದಾಗಿ, ಇಂಪ್ಲಾಂಟ್ ಆಗಿ ಹತ್ತು ವರ್ಷದ ಮೇಲೆ ಮೂಳೆ ಔಷಧಿ ಶುರುವಾದವರ ವಿಷಯ. ಅವರಲ್ಲೂ ದವಡೆ ಮೂಳೆ ಸಾಯೋ ತೊಂದರೆ ಬರಬಹುದು. ಆಪರೇಷನ್ ಆಗಿ ಯಾವ ಕಾಲವಾಯ್ತು, ಈಗೇನು ಅನ್ನೋ ಹಾಗಿಲ್ಲ. ಇಂಪ್ಲಾಂಟ್ ಸುತ್ತ ವಸಡು ಊದಿ ಕೀವು ಕೂತರೆ ಆ ತೊಂದರೆಗೆ ಅದೇ ದಾರಿ. ಹೊಸದಾಗಿ ಔಷಧಿ ಬರೆಸಿಕೊಂಡವರು ಮೊದಲ ಡೋಸ್‌ಗೆ ಮುಂಚೆಯೇ ಹಲ್ಲು ತೋರಿಸಿ, ಕೀಳೋದಿದ್ದರೆ ಕೀಳಿಸಿ, ವಸಡಿನ ಸೋಂಕು ಸರಿಮಾಡಿಸಿ. ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಶುಚಿ ಮಾಡಿಸಿ, ವರ್ಷಕ್ಕೊಂದು ಸಣ್ಣ ಎಕ್ಸ್‌ರೇ ತೆಗೆಸಿ. ಇಂಪ್ಲಾಂಟ್ ಬಳಿ ವಾಸಿಯಾಗದ ಹುಣ್ಣು, ನಾಲಿಗೆಗೆ ತಾಗೋ ಒರಟು ಮೂಳೆ, ಕೆಳತುಟಿ ಜೋಮು ಹಿಡಿದಂತಾಗೋದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಔಷಧಿ ಚೀಟಿ ಹಿಡಿದುಕೊಂಡೇ ಹೋಗಿ. ಅಲ್ಲಾಡ್ತಿರೋ ಇಂಪ್ಲಾಂಟನ್ನು ಆ ಚೀಟಿ ನೋಡದೆ ಯಾರೂ ಕಿತ್ತು ಹಾಕದಿರಲಿ.