ತೂಗಿಕೊಂಡು ಬಂದ ಖೋಲಿ

ಸಂಬಳ ಬೆಂಗಳೂರಿನದು, ರೊಟ್ಟಿ ವಿಜಯಪುರದ್ದು. ಈ ಸುಖಕ್ಕೆ ಅಡ್ಡ ಬರುವುದು ಮೀಟಿಂಗು ಮಾತ್ರ. ನಾನು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೇ ಅವ್ವ ಬಾಗಿಲಲ್ಲಿ ಉಳ್ಳಾಗಡ್ಡಿ ಗಾಡಿಯವನನ್ನು ತರುಬಿ ನಿಲ್ಲಿಸಿರುತ್ತಿದ್ದಳು. ಒಂದು ಸಲ ನಮ್ಮ ಮ್ಯಾನೇಜರ್ ಬಜೆಟ್ ಚರ್ಚೆಯನ್ನು ಅರ್ಧಕ್ಕೆ ನಿಲ್ಲಿಸಿ, "ಅಮ್ಮ ಕೊನೆಗೆ ಎಷ್ಟಕ್ಕೆ ತಗೊಂಡ್ರು?" ಎಂದು ಕೇಳಿದರು. ಹಿತ್ತಿಲಿನ ಬೇವಿನ ಗಿಡದ ಪಕ್ಕ ಒಂದು ರೆಡಿಮೇಡ್ ಖೋಲಿ ತಂದು ಕೂಡ್ರಿಸಬೇಕೆಂದು ಅವತ್ತೇ ಗಟ್ಟಿ ಮಾಡಿದೆ.

ಇಟ್ಟಿಗೆ ಸಿಮೆಂಟಿನದೇ ಕಟ್ಟಿಸಬಹುದಿತ್ತು. ಆದರೆ ನಮ್ಮ ಗೌಂಡಿ "ನಾಳೆ ಬರ್ತೀನ್ರಿ" ಅಂದರೆ ಯಾವ ಸಂವತ್ಸರದ ನಾಳೆ ಎಂದು ಕೇಳಬೇಕಾಗುತ್ತದೆ. ಎರಡನೇ ಅಲಿ ಆದಿಲ್‌ಶಾಹ ತನಗಾಗಿ ಆರಂಭಿಸಿದ ಗೋರಿಯೇ ಮುಗಿಯಲಿಲ್ಲ. 1672ರಲ್ಲಿ ಆತ ತೀರಿಕೊಂಡ, ಕಮಾನುಗಳು ಸೂರಿಲ್ಲದೆ ನಿಂತವು, ನಾವು ಇವತ್ತಿಗೂ ಬಾರಾಕಮಾನ್ ನೋಡಲು ಬೀಗರನ್ನು ಕರೆದುಕೊಂಡು ಹೋಗುತ್ತೇವೆ. ಸುಲ್ತಾನನ ಕೆಲಸವೇ ಅರ್ಧಕ್ಕೆ ನಿಂತ ಊರಲ್ಲಿ ನನ್ನದು ಯಾವ ಲೆಕ್ಕ?

ಖೋಲಿ ಮಾರುವವನ ಪ್ರಕಾರ ಇದು ಒಂದೇ ದಿನದ ಕೆಲಸ. ಉದ್ದ 12 ಅಡಿ, ಅಗಲ 8. ಗೋಡೆಯೆಂದರೆ ಬಣ್ಣ ಬಳಿದ ಎರಡು ಉಕ್ಕಿನ ತಗಡು, ನಡುವೆ 50 ಮಿಲಿಮೀಟರ್ ಫೋಮು. ಕಿಟಕಿ, ವೈರಿಂಗ್, ಫ್ಯಾನು ಎಲ್ಲ ಕಾರ್ಖಾನೆಯಲ್ಲೇ ಕೂಡಿಸಿ ಬರುತ್ತದೆ. ಅವನು ಕೊಟ್ಟ ಕಾಗದದ ಚಿತ್ರದಲ್ಲಿ ಹಸಿರು ಹುಲ್ಲಿನ ಮೇಲೆ ಅಂಥದೊಂದು ಖೋಲಿ, ಅದರ ಮುಂದೆ ಕಾಫಿ ಹಿಡಿದು ನಿಂತ ಒಬ್ಬ ಬಿಳಿಯ. ಆ ಚಿತ್ರದಲ್ಲಿ ಗಲ್ಲಿಯೂ ಇರಲಿಲ್ಲ, ಕರೆಂಟಿನ ಕಂಬವೂ ಇರಲಿಲ್ಲ.

ನಮ್ಮಲ್ಲಿ ಎರಡೂ ಇದ್ದವು. ಲಾರಿ ಗಲ್ಲಿಯ ಬಾಯಲ್ಲೇ ನಿಂತಿತು. ಕ್ರೇನ್ ತರಿಸಿದೆವು. ಮೇಲೆ ತಂತಿ ಇದ್ದದ್ದರಿಂದ ಲೈನ್‌ಮನ್ ಬಂದು ಇಡೀ ಓಣಿಯ ಕರೆಂಟ್ ತೆಗೆದ. ಟಿವಿ ಬಂದಾದ ಮೇಲೆ ಜನ ಒಳಗೆ ಕೂತು ಮಾಡುವುದೇನು? ಎಲ್ಲರೂ ಹೊರಗೆ ಬಂದರು. "ಎಟಿಎಂ ಬಂತೇನ್ರಿ?" ಎಂದಿತೊಂದು ಹುಡುಗ. ಒಮ್ಮೆ ಫ್ರಿಜ್ಜನ್ನು ಮಾಳಿಗೆಗೆ ಏರಿಸಿದ ಅನುಭವವಿದ್ದ ಎದುರುಮನೆಯ ಮಾಮಾ ಸೊಂಟಕ್ಕೆ ಟವೆಲ್ ಬಿಗಿದು ಉಸ್ತುವಾರಿ ವಹಿಸಿಕೊಂಡರು. "ಎಡಕ್ಕ... ಎಡಕ್ಕ... ನಿನ್ನ ಎಡಕ್ಕಲ್ಲೋ, ನನ್ನ ಎಡಕ್ಕ!"

ಸುಮಾರು ಎರಡು ಟನ್ನಿನ ಖೋಲಿ ನೆಲ ಬಿಟ್ಟು ಮೇಲೆದ್ದು ಬಾಜೂಮನೆಯ ಮಾಳಿಗೆಯ ಕಡೆ ಹೊರಳಿತು. ಆ ಮಾಳಿಗೆಯ ಮೇಲೆ ಬಿಳಿ ಧೋತರ ಹಾಸಿ ಸಂಡಿಗೆ ಒಣಹಾಕಿದ್ದರು. "ತಡೀಯೋ ಯಪ್ಪಾ, ಸಂಡಿಗಿ ತಕ್ಕೋತೀನಿ!" ಎಂದು ಕಾಕೂ ಕೂಗಿಕೊಂಡರು. ಕ್ರೇನಿನವನೂ ಒಬ್ಬ ತಾಯಿಯ ಮಗ, ತಡೆದ. ಅರ್ಧ ಒಣಗಿದ ಸಂಡಿಗೆಯನ್ನು ಧೋತರದಿಂದ ಬಿಡಿಸುವುದು ಅವಸರದ ಕೆಲಸವಲ್ಲ. ಕೆಳಗೆ ಚಹಾ ಬಂತು, ಚುರಮುರಿ ಬಂತು. ನನ್ನ ಆಫೀಸು ಕೊಕ್ಕೆಯಲ್ಲಿ ತೂಗುತ್ತಲೇ ಇತ್ತು.

ಅಷ್ಟರಲ್ಲಿ ಅವ್ವನಿಗೆ ಬಾಗಿಲು ಕಂಡಿತು. "ತಮ್ಮಾ, ಬಾಗಲಾ ತೆಂಕಲಕ್ಕ ಬರಾಕತ್ತೈತಿ. ಮೂಡಲಕ್ಕ ತಿರುವು." ಕ್ರೇನಿನವನು ಹಗ್ಗ ಎಳೆಸಿ ಗಾಳಿಯಲ್ಲೇ ತಿರುಗಿಸಿದ. ವಾಸ್ತುದೋಷ ಇಷ್ಟು ಅಗ್ಗದಲ್ಲಿ ಯಾರ ಮನೆಯಲ್ಲೂ ಕಳೆದಿರಲಿಕ್ಕಿಲ್ಲ. ಬಾಗಿಲು ಮೂಡಲಕ್ಕಾಯಿತು, ಕಿಟಕಿ ಎಮ್ಮೆಯ ಕೊಟ್ಟಿಗೆಗಾಯಿತು.

ಮಿರಗದ ಮಳೆ ಬೀಳುವವರೆಗೆ ದೂರಲು ದೊಡ್ಡ ಕಾರಣಗಳಿರಲಿಲ್ಲ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫೋಮು ಬಿಸಿಲನ್ನು ತಡೆಯುವುದೇನೋ ನಿಜ, ಆದರೆ ಬಾಗಿಲು ಹಾಕಿಕೊಂಡರೆ ಮಾತ್ರ. ಅವ್ವನ ಶಾಸ್ತ್ರದಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡು ಕೂರುವ ಹಕ್ಕಿರುವುದು ಬಾಣಂತಿಗೆ ಮಾತ್ರ. ಬಂದು ತೆರೆದಿಟ್ಟು, "ನಮ್ಮ ಮೇಲ್ಮುದ್ದಿ ಮನ್ಯಾಗ ಇಷ್ಟು ಧಗಿ ಇರಲಿಲ್ಲ ನೋಡು" ಎಂದು ಹೇಳಿ ಹೋಗುತ್ತಿದ್ದಳು. ಆ ಮಾತೂ ಸುಳ್ಳಲ್ಲ. ದಪ್ಪ ಗೋಡೆ, ಮೇಲೆ ಮಣ್ಣಿನ ಹೊದಿಕೆ. ಬಿಸಿಲು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು.

ತಗಡಿನ ಖೋಲಿಗೆ ಅರ್ಥಿಂಗ್ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಇಲೆಕ್ಟ್ರಿಶಿಯನ್ ಗುಂಡಿ ತೋಡಿ, ಮಣ್ಣು ಒಣಗಿದರೆ ಕರೆಂಟ್ ನೆಲಕ್ಕಿಳಿಯುವುದಿಲ್ಲ, ಆಗಾಗ ನೀರು ಹಾಕುತ್ತಿರಿ ಎಂದು ಹೇಳಿಹೋದ. ನಳಕ್ಕೆ ನೀರು ಬರುವ ದಿನವನ್ನು ಹಬ್ಬದಂತೆ ಕಾಯುವ ಓಣಿ ನಮ್ಮದು. ನಾನು ಕೊಡ ಹಿಡಿದು ಹೋಗಿ ಬೇವಿನ ಗಿಡ ಬಿಟ್ಟು ಬರೀ ಮಣ್ಣಿಗೆ ನೀರು ಸುರಿಯುವುದನ್ನು ಕಾಕೂ ಮಾಳಿಗೆಯ ಮೇಲಿಂದ ನೋಡಿದರು. ಸಂಜೆ ಅವ್ವನ ಹತ್ತಿರ ಬಂದು ದನಿ ತಗ್ಗಿಸಿ, "ಹುಡುಗಗ ಕೆಲಸದ ತ್ರಾಸ ಭಾಳ ಆಗೇತೇನ?" ಎಂದು ವಿಚಾರಿಸಿದರಂತೆ.

ಮಳೆ ಬಂತು ನೋಡಿ, ಬಾಗಿಲು ಹಾಕಲು ಬರಲೊಲ್ಲದು. ನಮ್ಮದು ಎರಿ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಸಿಗುವಷ್ಟು ಬಿರಿಯುತ್ತದೆ. ಮನೆ ಕಟ್ಟುವವರು ಎರಿ ತೆಗೆದು ಗರಸು ತುಂಬಿ ಬುನಾದಿ ಹಾಕುವುದು ಅದಕ್ಕೇ. ಖೋಲಿಯವನು "ನಾಲ್ಕು ಮೂಲೆಗೆ ನಾಲ್ಕು ಕಾಂಕ್ರೀಟ್ ದಿಮ್ಮಿ ಸಾಕು" ಅಂದಿದ್ದ. ಈಗ ಒಂದು ಮೂಲೆ ಎದ್ದು ನಿಂತು ಬಾಗಿಲಿನ ಚೌಕಟ್ಟು ಸೊಟ್ಟಗಾಗಿತ್ತು. ಫೋನ್ ಮಾಡಿದರೆ, "ಖೋಲಿ ಸರಿ ಐತ್ರಿ, ನಿಮ್ಮ ಭೂಮಿ ಸರಿ ಇಲ್ಲ" ಎಂದ. ಕೊನೆಗೆ ಲಾರಿ ಡ್ರೈವರೊಬ್ಬ ಜಾಕ್ ಹಚ್ಚಿ ಎತ್ತಿದ, ತಗ್ಗಿದ ಮೂಲೆಗಳಿಗೆ ಶಹಾಬಾದ್ ಫರಸಿಯ ತುಂಡು ಇಟ್ಟು ಮಟ್ಟ ಮಾಡಿದ. ಹೋಗುವಾಗ "ಬ್ಯಾಸಗಿಗೆ ಮತ್ತ ಬರ್ತೀನ್ರಿ" ಎಂದ. ತೆಗೆಯಲು.

ಬಾಗಿಲು ಹಾಕಲು ಬಂತಲ್ಲ, ಮೊಬೈಲಿನ ರೇಂಜ್ ಹೊರಗೇ ಉಳಿಯಿತು. ಸುತ್ತಲೂ ಉಕ್ಕು. ಮನೆಯಿಂದ ಇಂಟರ್‌ನೆಟ್ಟಿನ ವೈರು ಎಳೆಸಿದೆ, ಈ ಸಲ ಮಾತು ಎರಡೆರಡು ಸಲ ಕೇಳತೊಡಗಿತು. ತಗಡಿನ ಗೋಡೆಗಳು ಎದುರುಬದುರು ನಿಂತು ನನ್ನ ದನಿಯನ್ನು ಒಂದಕ್ಕೊಂದು ದಾಟಿಸುತ್ತಿದ್ದವು. "ಏನ್ರೀ, ಗೋಲ್ ಗುಂಬಜ್ ಒಳಗೆ ಕೂತಿದ್ದೀರಾ?" ಎಂದು ಮ್ಯಾನೇಜರ್ ನಕ್ಕರು. ಮಹಮ್ಮದ್ ಆದಿಲ್‌ಶಾಹನ ಗುಮ್ಮಟದ ಹೊರವ್ಯಾಸ 44 ಮೀಟರ್. ಅಷ್ಟೆಲ್ಲ ಬೇಕಿಲ್ಲ, 8 ಅಡಿ ತಗಡು ಸಾಕು.

ಮದ್ದು ಸಿಕ್ಕಿದ್ದು ಅವ್ವನ ಟ್ರಂಕಿನಲ್ಲಿ. ಹಳೆಯ ಇಳಕಲ್ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಅಜ್ಜಿ ಹೊಲಿದ ಕೌದಿಗಳು. ಮೂರೂ ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟೆ. ಮಾರ್ದನಿ ಅಡಗಿತು. ವಿಡಿಯೊದಲ್ಲಿ ಹಿಂದೆ ಕಾಣುವ ಕೌದಿ ನೋಡಿ ಬೆಂಗಳೂರಿನ ಒಬ್ಬಾಕೆ ಇದನ್ನು ಯಾವ ಗ್ಯಾಲರಿಯಿಂದ ತಂದಿರಿ, ಬೆಲೆ ಎಷ್ಟು ಎಂದು ಕೇಳಿದಳು. ಕೌದಿಗೂ ಗೌರವ, ನನಗೂ ಗೌರವ.

ಮೊನ್ನೆ ಒಂದು ದೊಡ್ಡ ಮೀಟಿಂಗು. ನಾನು ಲೆಕ್ಕ ಒಪ್ಪಿಸುತ್ತಿರುವಾಗ ಅವ್ವ ಒಳಗೆ ಬಂದು ಸುಮ್ಮನೆ ಒಂದು ಕೌದಿ ಬಿಚ್ಚಿದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. "ಜಮಖಂಡಿಯಿಂದ ಬೀಗರು ಬಂದಾರ. ಹೊಚ್ಚಾಕ ಏನ್ ಕೊಡ್ಲಿ?" ಎಂದು ಎರಡನೆಯದಕ್ಕೆ ಕೈ ಹಾಕಿದಳು. ನನ್ನ ಲಾಭಾಂಶ ಎರಡಾಗಿ ಕೇಳತೊಡಗಿತು.

"ಸ್ವಲ್ಪ ಎಕೋ ಬರ್ತಿದೆ," ಎಂದರು ಮ್ಯಾನೇಜರ್.

"ಬೀಗರು ಬಂದಿದ್ದಾರೆ ಸರ್."

"ಎಷ್ಟು ಜನ?"

ಮೂರನೆಯದನ್ನೂ ಹೆಗಲಿಗೆ ಹಾಕಿಕೊಂಡ ಅವ್ವ ಬಾಗಿಲಲ್ಲಿ ತಿರುಗಿ ನಿಂತು, ಲ್ಯಾಪ್‌ಟಾಪಿಗೆ ಕೇಳುವಂತೆ ದನಿ ಎತ್ತಿದಳು. "ಆ ಸಾಹೇಬ್ರಿಗೂ ಬಾ ಅನ್ನೋ. ಮಲಗಾಕ ಈ ಖೋಲಿ ಖಾಲಿನ ಐತಿ."